ಯಂತ್ರ ಮಾತು ಕಲಿಯುವುದು ಹೇಗೆ, ಅರ್ಥವನ್ನು ಎಲ್ಲಿ ಇಟ್ಟುಕೊಳ್ಳುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿಗೆ ಕನ್ನಡದಲ್ಲಿ ಏನೋ ಕೇಳಿದರೆ ಅದು ಕನ್ನಡದಲ್ಲೇ ಉತ್ತರ ಕೊಡುತ್ತದೆ. ನೋಡಿದವರೆಲ್ಲ ಮೊದಲು ಬೆರಗಾಗುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಆಫೀಸಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ, ರೈಲಿನಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಗಣಿತ ಬಿಟ್ಟಿದ್ದೇನೆ. ಹಸು, ಅಕ್ಕಿ, ಮಳೆ ಇಟ್ಟುಕೊಂಡೇ ವಿಷಯ ಹೇಳಬಹುದು.

ಯಂತ್ರಕ್ಕೆ ಯಾರಾದರೂ ಕೂತು ವ್ಯಾಕರಣ ಹೇಳಿಕೊಡುತ್ತಾರಾ?

ಮೊದಲು ಹೇಳಿಕೊಡುತ್ತಿದ್ದರು. 1970ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಟೆರಿ ವಿನೋಗ್ರಾಡ್ 'ಶ್ರಡ್ಲು' ಎಂಬ ಪ್ರೋಗ್ರಾಂ ಬರೆದರು. ಪರದೆಯ ಮೇಲೆ ಒಂದಷ್ಟು ಬಣ್ಣದ ದಿಮ್ಮಿಗಳು. 'ದೊಡ್ಡ ಕೆಂಪು ದಿಮ್ಮಿ ಎತ್ತು' ಎಂದು ಇಂಗ್ಲಿಷಿನಲ್ಲಿ ಬರೆದರೆ ಎತ್ತುತ್ತಿತ್ತು. ಯಾಕೆ ಎತ್ತಿದೆ ಎಂದು ಕೇಳಿದರೆ ಕಾರಣವನ್ನೂ ಹೇಳುತ್ತಿತ್ತು. ಆದರೆ ದಿಮ್ಮಿಗಳ ಆಚೆಗೆ ಒಂದು ಹೆಜ್ಜೆ ಇಟ್ಟರೆ ಕಥೆ ಮುಗಿಯಿತು. ಪ್ರತಿಯೊಂದು ನಿಯಮವನ್ನೂ ಮನುಷ್ಯರೇ ಬರೆದಿದ್ದರು.

1984ರಲ್ಲಿ ಡಗ್ಲಸ್ ಲೆನಟ್ ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದರು. 'ಸೈಕ್' ಅಂತ ಅದರ ಹೆಸರು. 'ಸತ್ತವರು ಅಂಗಡಿಗೆ ಹೋಗುವುದಿಲ್ಲ' ಎಂಬಂಥ ಸಾಮಾನ್ಯ ಜ್ಞಾನವನ್ನು ಒಂದೊಂದಾಗಿ ಕೈಯಲ್ಲೇ ಬರೆದು ತುಂಬುವ ಕೆಲಸ ದಶಕಗಟ್ಟಲೆ ನಡೆಯಿತು. ಲಕ್ಷಾಂತರ ನಿಯಮ ಸೇರಿದವು, ಆದರೂ ಮುಗಿಯಲಿಲ್ಲ. ನಮಗೆ ಗೊತ್ತಿರುವುದನ್ನೆಲ್ಲ ಪಟ್ಟಿ ಮಾಡಲು ಹೊರಟರೆ ಮುಗಿಯುವುದಾದರೂ ಹೇಗೆ, ಅಲ್ವಾ?

ಈಗಿನ ಯಂತ್ರಗಳಿಗೆ ಯಾರೂ ವ್ಯಾಕರಣ ಹೇಳಿಕೊಡುವುದಿಲ್ಲ. 'ಪ್ರಥಮಾ ವಿಭಕ್ತಿ' ಎಂಬ ಪಾಠ ಅವಕ್ಕೆ ಇಲ್ಲ.

ಮತ್ತೆ ಹೇಗೆ ಕಲಿಯುತ್ತದೆ?

ಬಿಟ್ಟ ಸ್ಥಳ ತುಂಬುತ್ತಾ ಕಲಿಯುತ್ತದೆ. ಶಾಲೆಯಲ್ಲಿ ನಾವೂ ಮಾಡಿದ್ದೇವೆ.

'ಅಜ್ಜಿ ಒಲೆಯ ಮೇಲೆ ಹಾಲು...' ಇಲ್ಲಿಗೆ ವಾಕ್ಯ ನಿಲ್ಲಿಸಿ, ಮುಂದಿನ ಪದ ಯಾವುದು ಎಂದು ಯಂತ್ರವನ್ನು ಕೇಳುತ್ತಾರೆ. ಶುರುವಿನಲ್ಲಿ ಅದು 'ಸೈಕಲ್' ಅನ್ನಬಹುದು. ಸರಿ ಉತ್ತರ 'ಇಟ್ಟಳು'. ಎಷ್ಟು ತಪ್ಪಾಯಿತು ಎಂದು ಲೆಕ್ಕ ಹಾಕಿ, ಯಂತ್ರದೊಳಗಿನ ಅಂಕಿಗಳನ್ನು ಒಂಚೂರು ತಿರುಗಿಸುತ್ತಾರೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ಗುಂಡಿ ತಿರುಗಿಸುತ್ತಿದ್ದೆವಲ್ಲ, ಹಾಗೆ. ಗುಂಡಿ ಮಾತ್ರ ಒಂದಲ್ಲ. 2020ರ ಜಿಪಿಟಿ-3 ಎಂಬ ಭಾಷಾ ಮಾದರಿಯಲ್ಲಿ (ಇಲ್ಲಿ ನಾನು ಯಂತ್ರ ಅನ್ನುತ್ತಿರುವುದು ಇಂಥ ಪ್ರೋಗ್ರಾಂಗೇ) ಅಂಥ ಗುಂಡಿಗಳು 17,500 ಕೋಟಿ ಇದ್ದವು. ಯಾವ ಗುಂಡಿಯನ್ನು ಯಾವ ಕಡೆಗೆ ಎಷ್ಟು ತಿರುಗಿಸಬೇಕು ಎಂದು ತಪ್ಪಿನಿಂದ ಹಿಂದಕ್ಕೆ ಲೆಕ್ಕ ಹಾಕುವ ವಿಧಾನ ಇದೆ. ಅದು ಹೆಸರು ಮಾಡಿದ್ದು 1986ರಲ್ಲಿ, ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಪ್ರಕಟಿಸಿದ ಒಂದು ಲೇಖನದಿಂದ.

ಇದನ್ನೇ ಕೋಟಿ ಕೋಟಿ ಸಲ ಮಾಡುತ್ತಾರೆ. ಅಷ್ಟೇ. ಇದರಲ್ಲಿ ಬುದ್ಧಿವಂತಿಕೆ ಎಲ್ಲಿದೆ ಎಂದು ಅನಿಸಿದರೆ ಅದು ಸರಿಯಾದ ಅನುಮಾನವೇ. ಮುಂದಿನ ಪ್ರಶ್ನೆ ಅದೇ.

ಪದ ಊಹಿಸಿದ ಮಾತ್ರಕ್ಕೆ ಅರ್ಥ ಹೇಗೆ ಬಂದೀತು?

ಇದಕ್ಕೆ ನನಗೆ ಇಷ್ಟವಾದ ಉತ್ತರ ನಮ್ಮ ಮೀಮಾಂಸಕರ, ಅಂದರೆ ವೇದವಾಕ್ಯಗಳ ಅರ್ಥ ವಿಚಾರಿಸುತ್ತಿದ್ದ ಹಳೇ ಕಾಲದ ಪಂಡಿತರ ಹತ್ತಿರ ಇದೆ. ಸುಮಾರು 7ನೇ ಶತಮಾನದಲ್ಲಿ ಇದ್ದ ಪ್ರಭಾಕರನ ಪಂಥದವರು, ಮಗು ಮಾತು ಕಲಿಯುವುದು ಹೇಗೆ ಎಂದು ಒಂದು ಉದಾಹರಣೆ ಕೊಡುತ್ತಿದ್ದರು. ಹಿರಿಯನೊಬ್ಬ ಇನ್ನೊಬ್ಬನಿಗೆ 'ಹಸು ತಾ' ಅನ್ನುತ್ತಾನೆ. ಅವನು ಹೋಗಿ ಹಸು ತರುತ್ತಾನೆ. ಪಕ್ಕದಲ್ಲಿ ಮಗು ನೋಡುತ್ತಿದೆ. ಇನ್ನೊಮ್ಮೆ 'ಹಸು ಕಟ್ಟು'. ಮತ್ತೊಮ್ಮೆ 'ಕುದುರೆ ತಾ'. ಒಂದು ಪದ ತೆಗೆದು ಇನ್ನೊಂದು ಹಾಕಿದಾಗ ಏನು ಬದಲಾಯಿತು ಎಂದು ಮಗು ಗಮನಿಸುತ್ತದೆ. ಹೀಗೆ 'ಹಸು' ಅಂದರೆ ಇದು, 'ತಾ' ಅಂದರೆ ಅದು ಎಂದು ಬಿಡಿಸಿಕೊಳ್ಳುತ್ತದೆ. ಈ ಹಾಕಿ ತೆಗೆಯುವ ಆಟಕ್ಕೆ ಅವರು 'ಆವಾಪ–ಉದ್ವಾಪ' ಎಂದು ಹೆಸರಿಟ್ಟಿದ್ದರು. ಪದಗಳ ಅರ್ಥ ನಿಘಂಟಿನಿಂದ ಬರುವುದಿಲ್ಲ, ವಾಕ್ಯದ ಬಳಕೆಯಿಂದ ಬರುತ್ತದೆ ಎಂಬುದು ಅವರ ವಾದ.

ಪಶ್ಚಿಮದಲ್ಲಿ ಇದರ ಹತ್ತಿರದ ಮಾತು 1950ರ ದಶಕದಲ್ಲಿ ಬಂತು. ಅಮೆರಿಕದ ಜೆಲ್ಲಿಗ್ ಹ್ಯಾರಿಸ್ 1954ರಲ್ಲಿ, ಬ್ರಿಟನ್ನಿನ ಜೆ.ಆರ್. ಫರ್ತ್ 1957ರಲ್ಲಿ ಹೆಚ್ಚುಕಮ್ಮಿ ಒಂದೇ ವಿಷಯ ಹೇಳಿದರು: ಒಂದು ಪದ ಯಾರ ಜೊತೆ ಓಡಾಡುತ್ತದೆ ಎಂದು ನೋಡಿದರೆ ಅದು ಎಂಥದ್ದು ಎಂದು ಗೊತ್ತಾಗುತ್ತದೆ. (ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು.) ಈಗಿನ ಭಾಷಾ ಮಾದರಿಗಳೆಲ್ಲ ನಿಂತಿರುವುದು ಈ ಮಾತಿನ ಮೇಲೆ. 'ಹಸು' ಪದದ ಸುತ್ತ 'ಹಾಲು', 'ಕರು', 'ಮೇವು', 'ಕೊಟ್ಟಿಗೆ' ಬರುತ್ತವೆ. 'ಎಮ್ಮೆ' ಸುತ್ತಲೂ ಹೆಚ್ಚುಕಮ್ಮಿ ಅವೇ. 'ಸ್ಕೂಟರ್' ಸುತ್ತ ಬರುವುದೇ ಬೇರೆ. ಮುಂದಿನ ಪದ ಸರಿಯಾಗಿ ಊಹಿಸಬೇಕಾದರೆ ಹಸುವೂ ಎಮ್ಮೆಯೂ ಒಂದೇ ಜಾತಿಯವು ಎಂದು ಯಂತ್ರ ಎಲ್ಲೋ ಗುರುತು ಹಾಕಿಕೊಳ್ಳಲೇಬೇಕು.

ಆದರೆ ಒಂದು ವ್ಯತ್ಯಾಸ ಇದೆ, ಈ ಪುಟದ ಉದ್ದಕ್ಕೂ ಅದೇ ನಮ್ಮನ್ನು ಕಾಡುತ್ತದೆ. ಮೀಮಾಂಸಕರ ಮಗುವಿನ ಕಣ್ಣೆದುರು ಹಸು ಇತ್ತು. ಬರಹ ಮಾತ್ರ ಓದುವ ಯಂತ್ರಕ್ಕೆ ಹಾಕಿ ತೆಗೆಯುವ ಆಟ ಇದೆ, ಹಸು ಇಲ್ಲ.

ಅರ್ಥವನ್ನು ಅಂಕಿಯಾಗಿ ಇಡುತ್ತಾರೆ ಅನ್ನುತ್ತಾರಲ್ಲ, ಹಾಗಂದರೇನು?

ಬೆಂಗಳೂರಿನ ಹಳೇ ಪೇಟೆ ನೆನಪಿಸಿಕೊಳ್ಳಿ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ. ಒಂದೇ ಕಸುಬಿನವರು ಒಂದೇ ಕಡೆ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯ ವಿಳಾಸ ಕೇಳಿದರೆ ಸಾಕು, ಒಳಗೆ ಏನು ಮಾರುತ್ತಾರೆ ಎಂದು ಅರ್ಧ ಗೊತ್ತಾಗುತ್ತಿತ್ತು. ಯಂತ್ರವೂ ಪ್ರತಿ ಪದಕ್ಕೆ ಒಂದು ವಿಳಾಸ ಕೊಡುತ್ತದೆ. ಆ ವಿಳಾಸ ಅಂಕಿಗಳ ಒಂದು ಸಾಲು. ಅದಕ್ಕೆ ವೆಕ್ಟರ್ ಅನ್ನುತ್ತಾರೆ. ಪೇಟೆಯಲ್ಲಿ ಉದ್ದ, ಅಗಲ ಎರಡೇ ದಿಕ್ಕು. ಇಲ್ಲಿ ಜಿಪಿಟಿ-3ರಲ್ಲಿ 12,288 ದಿಕ್ಕು! ಮನಸ್ಸಿನಲ್ಲಿ ಚಿತ್ರ ಬರೆದುಕೊಳ್ಳಲು ಹೋಗಬೇಡಿ, ಯಾರಿಗೂ ಬರುವುದಿಲ್ಲ.

ಇಷ್ಟು ದಿಕ್ಕು ಯಾಕೆ ಬೇಕು? ಯಾಕೆಂದರೆ ಒಂದು ಪದ ಒಂದೇ ಸಲ ಹಲವು ರೀತಿಯಲ್ಲಿ ನೆಂಟಸ್ತನ ಇಟ್ಟುಕೊಂಡಿರುತ್ತದೆ. ನಾವು ಭತ್ತ, ಅಕ್ಕಿ, ಅನ್ನ ಎಂದು ಮೂರು ಹೇಳುತ್ತೇವೆ. ಇಂಗ್ಲಿಷಿನವರು ಮೂರಕ್ಕೂ 'ರೈಸ್' ಅಂದು ಸುಮ್ಮನಾಗಬಹುದು. 'ಭತ್ತ' ಗದ್ದೆಗೆ ಹತ್ತಿರ, 'ಅಕ್ಕಿ' ಅಂಗಡಿಗೆ ಹತ್ತಿರ, 'ಅನ್ನ' ಸಾರಿಗೆ ಹತ್ತಿರ. ಆದರೂ ಮೂರೂ ಒಂದಕ್ಕೊಂದು ಹತ್ತಿರ. ಎರಡೇ ದಿಕ್ಕಿನ ಕಾಗದದ ಮೇಲೆ ಈ ಜಗಳ ಬಗೆಹರಿಯುವುದಿಲ್ಲ.

2013ರಲ್ಲಿ ಗೂಗಲ್‌ನ ತೋಮಸ್ ಮಿಕೊಲೊವ್ ಮತ್ತು ಜೊತೆಗಾರರು 'ವರ್ಡ್‌ಟುವೆಕ್' ಎಂಬ ವಿಧಾನ ತಂದರು. ಅದರ ಒಂದು ಲೆಕ್ಕ ತುಂಬಾ ಹೆಸರಾಯಿತು. 'ರಾಜ'ನ ವಿಳಾಸದಿಂದ 'ಗಂಡಸು' ಕಳೆದು 'ಹೆಂಗಸು' ಕೂಡಿಸಿದರೆ 'ರಾಣಿ' ಹತ್ತಿರ ಬಂದು ನಿಲ್ಲುತ್ತೇವೆ. ಕೇಳಲು ಚೆನ್ನಾಗಿದೆ. ಇದರ ಹಿಂದೆ ಒಂದು ಸಣ್ಣ ಕೈಚಳಕವೂ ಇದೆ: ಉತ್ತರ ಹುಡುಕುವಾಗ ಪ್ರಶ್ನೆಯಲ್ಲಿದ್ದ ಪದಗಳನ್ನು ಪಕ್ಕಕ್ಕೆ ಇಡುತ್ತಾರೆ. ಇಡದಿದ್ದರೆ ಎಷ್ಟೋ ಸಲ 'ರಾಜ'ನೇ ಉತ್ತರವಾಗಿ ವಾಪಸ್ ಬರುತ್ತಾನೆ. ಇದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ.

ಒಂದೇ ಪದಕ್ಕೆ ಎರಡು ಅರ್ಥ ಇದ್ದರೆ?

'ಕಾಲು ನೋವು', 'ಕಾಲು ಕೆಜಿ ಬೆಂಡೆಕಾಯಿ'. ವರ್ಡ್‌ಟುವೆಕ್‌ಗೆ ಇದು ತಲೆನೋವು. ಅದು ಪದಕ್ಕೆ ಒಂದೇ ವಿಳಾಸ ಕೊಡುತ್ತಿತ್ತು. ಹಾಗಾಗಿ 'ಕಾಲು' ಪಾದಕ್ಕೂ ತಕ್ಕಡಿಗೂ ನಡುವೆ ಎಲ್ಲೋ ಅತಂತ್ರವಾಗಿ ನಿಲ್ಲುತ್ತಿತ್ತು.

2017ರಲ್ಲಿ ಗೂಗಲ್‌ನ ಎಂಟು ಜನ ಸೇರಿ 'ಟ್ರಾನ್ಸ್‌ಫಾರ್ಮರ್' ಎಂಬ ರಚನೆ ಪ್ರಕಟಿಸಿದರು. ಲೇಖನದ ಮೊದಲ ಹೆಸರು ಆಶಿಷ್ ವಾಸ್ವಾನಿ. ಇದರಲ್ಲಿ ಪ್ರತಿ ಪದವೂ ವಾಕ್ಯದ ಬೇರೆ ಪದಗಳ ಕಡೆ ತಿರುಗಿ ನೋಡುತ್ತದೆ, ಯಾರಿಗೆ ಎಷ್ಟು ಗಮನ ಕೊಡಬೇಕು ಎಂದು ತೂಗುತ್ತದೆ, ಆಮೇಲೆ ತನ್ನ ವಿಳಾಸ ಬದಲಿಸಿಕೊಳ್ಳುತ್ತದೆ. ಪಕ್ಕದಲ್ಲಿ 'ಕೆಜಿ' ಕಂಡರೆ 'ಕಾಲು' ತಕ್ಕಡಿಯ ಕಡೆ ಸರಿಯುತ್ತದೆ. 'ನೋವು' ಕಂಡರೆ ಪಾದದ ಕಡೆ. 'ಹತ್ತು ಜನ ಬಸ್ಸು ಹತ್ತಿದರು' ಅಂದರೂ ಗಲಿಬಿಲಿ ಆಗುವುದಿಲ್ಲ. ಇದೇ ಕೆಲಸ ಪದರದ ಮೇಲೆ ಪದರವಾಗಿ ಹತ್ತಾರು ಸಲ ನಡೆಯುತ್ತದೆ.

ಕನ್ನಡವನ್ನು ಅದು ಅಕ್ಷರ ಅಕ್ಷರವಾಗಿ ಓದುತ್ತದಾ?

ಇಲ್ಲ. ಪದವನ್ನು ತುಂಡು ಮಾಡಿ ಓದುತ್ತದೆ. ತುಂಡಿಗೆ ಟೋಕನ್ ಎಂದು ಹೆಸರು. ಎಲ್ಲಿ ತುಂಡು ಮಾಡಬೇಕು ಎಂಬುದನ್ನು ಯಾವ ಪಂಡಿತರೂ ಹೇಳುವುದಿಲ್ಲ. ಬರಹದಲ್ಲಿ ಯಾವ ಜೋಡಿ ಜಾಸ್ತಿ ಸಲ ಅಕ್ಕಪಕ್ಕ ಬರುತ್ತದೋ ಅದು ಒಂದು ತುಂಡಾಗುತ್ತದೆ. ಇಂಗ್ಲಿಷ್ ಬರಹ ರಾಶಿ ರಾಶಿ ಇರುವುದರಿಂದ ಅದರ ಇಡೀ ಪದಗಳೇ ಒಂದೊಂದು ತುಂಡಾಗಿ ಕೂತಿವೆ. ಕನ್ನಡದ ಪಾಲಿಗೆ ಚೂರು ಪಾರು.

ಅಕ್ಷರಗಳನ್ನು ಬರೆದಿಡಲು ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ (ಕಂಪ್ಯೂಟರಿನ ಜಾಗದ ಒಂದು ಸಣ್ಣ ಅಳತೆ) ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ವಿರಾಮ (ಒತ್ತಕ್ಷರ ಮಾಡುವ ಗುರುತು), ತ, ವಿರಾಮ, ರ, ದೀರ್ಘದ ಗುರುತು, ಹೀಗೆ ಆರು ಚಿಹ್ನೆ, 18 ಬೈಟ್. ತುಂಡು ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ, ತಪ್ಪೂ ಜಾಸ್ತಿ. 2024ರಿಂದೀಚೆಗೆ ಬಂದ ಮಾದರಿಗಳಲ್ಲಿ ಭಾರತದ ಭಾಷೆಗಳ ಸ್ಥಿತಿ ಸುಧಾರಿಸಿದೆ. ಇಂಗ್ಲಿಷಿಗೆ ಸಮ ಅಂತೂ ಆಗಿಲ್ಲ.

ಜೊತೆಗೆ ನಮ್ಮ ಭಾಷೆ ಪದಕ್ಕೆ ಪದ ಅಂಟಿಸುವ ಭಾಷೆ. 'ಬಂದಿದ್ದಾನೆಂದುಕೊಂಡಿದ್ದೆ' ಒಂದೇ ಪದ. ಇಂಗ್ಲಿಷಿನಲ್ಲಿ ಇದಕ್ಕೆ ಆರೇಳು ಪದ ಬೇಕು. ಇಂಥ ಪದ ಒಂದೇ ರೂಪದಲ್ಲಿ ಮತ್ತೆ ಮತ್ತೆ ಸಿಗುವುದು ಅಪರೂಪ. ಹಾಗಾಗಿ ಯಂತ್ರ ತುಂಡುಗಳಿಂದಲೇ ಅದನ್ನು ಕಟ್ಟುವುದು ಕಲಿಯಬೇಕು. ವಿಚಿತ್ರ ಅಂದರೆ, ತುಂಡುಗಳು ಸಂಧಿಯ ಜಾಗಕ್ಕೆ ಹೊಂದದಿದ್ದರೂ ಬಹಳ ಸಲ ಸರಿಯಾಗಿ ಕಟ್ಟುತ್ತದೆ.

ಮಗು ಕಲಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮೊದಲು ಹೋಲಿಕೆ ಹೇಳಿಬಿಡುತ್ತೇನೆ, ಅದನ್ನು ಜನ ಮರೆಯುತ್ತಾರೆ. 1996ರಲ್ಲಿ ಜೆನ್ನಿ ಸಾಫ್ರನ್ ಮತ್ತು ಜೊತೆಗಾರರು ಎಂಟು ತಿಂಗಳ ಕೂಸುಗಳಿಗೆ ಎರಡು ನಿಮಿಷ ಅರ್ಥವಿಲ್ಲದ ಶಬ್ದ ಕೇಳಿಸಿದರು. 'ಬಿಡಾಕು', 'ಪಡೋಟಿ' ಇಂಥವು, ನಡುವೆ ಬಿಡುವೇ ಇಲ್ಲದೆ. ಯಾವ ಶಬ್ದದ ಹಿಂದೆ ಯಾವುದು ಬರುತ್ತದೆ ಎಂಬ ಲೆಕ್ಕದಿಂದಲೇ ಕೂಸುಗಳು ಪದಗಳ ಅಂಚು ಹಿಡಿದಿದ್ದವು. ಅಂದರೆ ಮಗುವೂ ಒಳಗೊಳಗೇ ಲೆಕ್ಕ ಹಾಕುತ್ತದೆ.

ಈಗ ವ್ಯತ್ಯಾಸ. ಹದಿಮೂರು ವರ್ಷದ ಹುಡುಗಿ ಹುಟ್ಟಿದಾಗಿನಿಂದ ಕೇಳಿರುವ ಪದಗಳು ಹೆಚ್ಚೆಂದರೆ 10 ಕೋಟಿ ಎಂದು ಅಂದಾಜು. ಜಿಪಿಟಿ-3 ಕಲಿಯುವಾಗ ಓದಿದ್ದು 30 ಸಾವಿರ ಕೋಟಿ ಟೋಕನ್. ಈಗಿನವು ಅದಕ್ಕಿಂತ ಎಷ್ಟೋ ಜಾಸ್ತಿ ಓದುತ್ತವೆ. ಅಷ್ಟು ಓದಿಸಿದರೆ ಯಾರು ಬೇಕಾದರೂ ಕಲಿಯುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರೋ ಅಂದರು. ತಮಾಷೆಯಾದರೂ ಮಾತು ಸರಿ. ಕಡಿಮೆ ಓದಿ ಕಲಿಯುವ ಯಂತ್ರ ಮಾಡಿ ಎಂದು 2023ರಿಂದ 'ಬೇಬಿಎಲ್‌ಎಂ' ಎಂಬ ಸ್ಪರ್ಧೆಯೇ ನಡೆಯುತ್ತಿದೆ. ಅಲ್ಲಿ ಒಂದು ವಿಭಾಗಕ್ಕೆ 10 ಕೋಟಿ ಪದದ ಮಿತಿ, ಇನ್ನೊಂದಕ್ಕೆ ಬರೀ 1 ಕೋಟಿ.

ಮಗುವಿಗೆ ಇರುವ ಇನ್ನೊಂದು ಲಾಭ ಮನೆ. ಎಂಐಟಿಯ ದೇಬ್ ರಾಯ್ 2005ರಿಂದ ತಮ್ಮ ಮನೆಯ ಛಾವಣಿಗೆ ಕ್ಯಾಮೆರಾ, ಮೈಕ್ ಹಾಕಿ ಮಗನ ಮೊದಲ ಮೂರು ವರ್ಷವನ್ನು ರೆಕಾರ್ಡ್ ಮಾಡಿದರು. ಸುಮಾರು 90 ಸಾವಿರ ಗಂಟೆಯ ವಿಡಿಯೋ. ಆ ಮಗು ನೀರಿಗೆ ಮೊದಲು 'ಗಾಗಾ' ಅನ್ನುತ್ತಿತ್ತು. ಅದು ನಿಧಾನಕ್ಕೆ 'ವಾಟರ್' ಆಯಿತು. ನೀರಿನ ಮಾತು ಹೆಚ್ಚಾಗಿ ಬರುತ್ತಿದ್ದದ್ದು ಅಡುಗೆಮನೆಯಲ್ಲಿ. ಒಂದು ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ವಿಷಯದ ನಡುವೆ ಕೇಳಿಸುವ ಪದವನ್ನು ಮಗು ಬೇಗ ಕಲಿಯುತ್ತದೆ ಎಂದು ಅವರ ತಂಡ ಆಮೇಲೆ ತೋರಿಸಿತು. ಮೀಮಾಂಸಕರಿಗೆ ಹೇಳಿದ್ದರೆ 'ಅದನ್ನೇ ಅಲ್ಲವೇ ನಾವು ಹೇಳಿದ್ದು' ಅನ್ನುತ್ತಿದ್ದರೇನೋ.

ಹಾಗಾದರೆ ಯಂತ್ರಕ್ಕೂ ಕಣ್ಣು ಕೊಟ್ಟರೆ ಆಯಿತಲ್ಲ?

ಕೊಟ್ಟು ನೋಡಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು 2024ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಹಿಡಿಸಿತು. ಒಂದು ಮಗುವಿನ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿದ್ದರು, ಆರು ತಿಂಗಳಿಂದ 25 ತಿಂಗಳವರೆಗೆ ಆಗಾಗ. ಒಟ್ಟು 61 ಗಂಟೆಯ ರೆಕಾರ್ಡಿಂಗ್, ಎಚ್ಚರ ಇದ್ದ ಹೊತ್ತಿನ ನೂರಕ್ಕೆ ಒಂದು ಪಾಲು. ಮಗು ಕಂಡದ್ದು, ಆ ಹೊತ್ತಿಗೆ ದೊಡ್ಡವರು ಆಡಿದ್ದು, ಇವೆರಡನ್ನೇ ಯಂತ್ರಕ್ಕೆ ಕೊಟ್ಟರು. ನಾಲ್ಕು ಚಿತ್ರ ತೋರಿಸಿ 'ಚೆಂಡು ಯಾವುದು' ಎಂಬಂಥ ಪ್ರಶ್ನೆ ಕೇಳಿದರೆ ನೂರಕ್ಕೆ ಸುಮಾರು 62 ಸಲ ಸರಿ ಹೇಳಿತು. ಸುಮ್ನೆ ಊಹಿಸಿದ್ದರೆ 25 ಬರುತ್ತಿತ್ತು.

ಚಿತ್ರ ಮತ್ತು ಬರಹವನ್ನು ಒಂದೇ ಪೇಟೆಯಲ್ಲಿ ಇಡುವ ಕೆಲಸ 2021ರ 'ಕ್ಲಿಪ್' ಎಂಬ ಮಾದರಿಯಿಂದ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಅದಕ್ಕೆ 40 ಕೋಟಿ ಚಿತ್ರ–ಬರಹದ ಜೋಡಿ ಕೊಟ್ಟಿದ್ದರು. ನಾವು ಫೋಟೋ ಹಾಕಿ 'ಇದೇನು' ಎಂದು ಕೇಳಿದರೆ ಇವತ್ತು ಉತ್ತರ ಬರುವುದರ ಹಿಂದೆ ಆ ಸಾಲಿನ ಕೆಲಸ ಇದೆ. ಆದರೂ ನೋಡುವುದು ಬೇರೆ, ಹಗ್ಗ ಹಿಡಿದು ಹಸು ಎಳೆಯುವುದು ಬೇರೆ.

ಕಣ್ಣಿಲ್ಲದಿದ್ದರೆ ಅರ್ಥವೇ ಇಲ್ಲ ಎಂದು ಹೇಳಬಹುದಾ?

ಅವಸರ ಬೇಡ. ಹುಟ್ಟು ಕುರುಡರು ನಮ್ಮ ಹಾಗೇ ಮಾತು ಕಲಿಯುತ್ತಾರೆ. 1980ರ ದಶಕದಲ್ಲಿ ಬಾರ್ಬರಾ ಲ್ಯಾಂಡೌ ಮತ್ತು ಲೈಲಾ ಗ್ಲೈಟ್‌ಮನ್ ಕಣ್ಣು ಕಾಣದ ಒಂದು ಹೆಣ್ಣುಮಗುವಿಗೆ 'ಮೇಲೆ ನೋಡು' ಅಂದರು. ಅವಳು ಕೈ ಮೇಲೆತ್ತಿದಳು. ಕಣ್ಣಿಗೆ ಬಟ್ಟೆ ಕಟ್ಟಿದ ಬೇರೆ ಮಕ್ಕಳು ತಲೆ ಮೇಲೆತ್ತಿದರು. 'ನೋಡು' ಎಂಬ ಪದಕ್ಕೆ ಅವಳು ತನ್ನದೇ ಅರ್ಥ ಕಟ್ಟಿಕೊಂಡಿದ್ದಳು, ಅದೂ ಸರಿಯಾದ ಅರ್ಥ. ಬರೀ ಮಾತಿನಿಂದ ಸಿಗುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅವಳಿಗೆ ಕೈ ಇತ್ತು ಎಂಬುದನ್ನೂ ಮರೆಯಬಾರದು.

ಒಳಗೆ ನಿಜವಾಗಿ ಏನಾದರೂ ಇದೆಯಾ? ಅಥವಾ ಬರೀ ಗಿಳಿಪಾಠವಾ?

ಗಿಳಿ ಎಂಬ ಟೀಕೆ 2021ರಲ್ಲಿ ಎಮಿಲಿ ಬೆಂಡರ್, ತಿಮ್ನಿತ್ ಗೆಬ್ರು ಮತ್ತು ಜೊತೆಗಾರರ ಲೇಖನದಿಂದ ಊರೆಲ್ಲ ಹರಡಿತು. ಟೀಕೆಗೆ ಆಧಾರ ಇದೆ. ಆದರೆ ಒಳಗೆ ಇಣುಕಿ ನೋಡಿದವರಿಗೆ ಸಿಕ್ಕಿದ್ದು ಬರೀ ಕಂಠಪಾಠ ಅಲ್ಲ.

2022ರಲ್ಲಿ ಒಂದು ತಂಡ 'ಒಥೆಲೊ' ಎಂಬ ಮಣೆ ಆಟದ ನಡೆಗಳ ಪಟ್ಟಿಯನ್ನು ಯಂತ್ರಕ್ಕೆ ಓದಿಸಿತು. ಮಣೆಗೆ 64 ಮನೆ. ಯಂತ್ರಕ್ಕೆ ಮಣೆ ತೋರಿಸಲಿಲ್ಲ, ನಿಯಮ ಹೇಳಲಿಲ್ಲ. ನಡೆಗಳ ಹೆಸರು ಮಾತ್ರ. ಅದು ಸರಿಯಾದ ನಡೆ ಊಹಿಸಲು ಕಲಿಯಿತು. ಒಳಗಿನ ಅಂಕಿಗಳನ್ನು ಕೆದಕಿದರೆ ಯಾವ ಮನೆಯಲ್ಲಿ ಯಾವ ಬಣ್ಣದ ಕಾಯಿ ಇದೆ ಎಂಬ ಲೆಕ್ಕ ಅಲ್ಲಿತ್ತು! ಆ ಲೆಕ್ಕದಲ್ಲಿ ಒಂದು ಕಾಯಿಯ ಬಣ್ಣ ಬದಲಿಸಿದರೆ ಮುಂದಿನ ನಡೆಯೂ ಬದಲಾಯಿತು. ಯಾರೂ ಕೊಡದ ಮಣೆಯನ್ನು ಅದು ತಾನೇ ಕೆತ್ತಿಕೊಂಡಿತ್ತು.

2024ರ ಮೇ ತಿಂಗಳಲ್ಲಿ ಆಂಥ್ರೊಪಿಕ್ ಕಂಪನಿಯವರು ತಮ್ಮ ಮಾದರಿಯೊಳಗೆ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಗೆ ಮಿಡಿಯುವ ಒಂದು ದಿಕ್ಕು ಕಂಡುಹಿಡಿದರು. ಇಂಗ್ಲಿಷ್ ಬರಹಕ್ಕೂ, ಬೇರೆ ಭಾಷೆಗೂ, ಸೇತುವೆಯ ಚಿತ್ರಕ್ಕೂ ಅದೇ ದಿಕ್ಕು ಮಿಡಿಯುತ್ತಿತ್ತು. ಅದನ್ನು ಜೋರು ಮಾಡಿದರೆ ಯಂತ್ರ ಏನು ಕೇಳಿದರೂ ಸೇತುವೆಗೇ ಬಂದು ನಿಲ್ಲುತ್ತಿತ್ತು. ಪದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಭಾಷೆಗಳು ಸೇರುವ ಜಾಗದಲ್ಲಿ ಏನೋ ಇದೆ ಎಂದು ಇದರಿಂದ ಗೊತ್ತಾಗುತ್ತದೆ.

ಕೊನೆಗೂ ಅದಕ್ಕೆ ಅರ್ಥ ಆಗುತ್ತದೋ ಇಲ್ಲವೋ? ಹೌದು, ಇಲ್ಲ ಎಂದು ಹೇಳಿ.

1980ರಲ್ಲಿ ತತ್ವಶಾಸ್ತ್ರದ ಮೇಷ್ಟ್ರು ಜಾನ್ ಸರ್ಲ್ ಒಂದು ಕೋಣೆ ಕಲ್ಪಿಸಿದರು. ಒಳಗಿನವನಿಗೆ ಚೀನಿ ಭಾಷೆ ಬರುವುದಿಲ್ಲ. ಕೈಯಲ್ಲಿ ನಿಯಮದ ಪುಸ್ತಕ ಇದೆ. ಬಂದ ಚೀಟಿಗೆ ಪುಸ್ತಕ ನೋಡಿ ಉತ್ತರ ಬರೆಯುತ್ತಾನೆ. ಹೊರಗಿನವರು ಇವನಿಗೆ ಚೀನಿ ಬರುತ್ತದೆ ಅಂದುಕೊಳ್ಳುತ್ತಾರೆ. ಹತ್ತು ವರ್ಷದ ನಂತರ ಸ್ಟೀವನ್ ಹಾರ್ನಾಡ್ ಕೇಳಿದ್ದು ಇನ್ನೂ ಚೂಪಾಗಿದೆ: ಚೀನಿ–ಚೀನಿ ನಿಘಂಟು ಮಾತ್ರ ಇಟ್ಟುಕೊಂಡು ಚೀನಿ ಕಲಿಯಬಹುದೇ? ಒಂದು ಪದದಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರಬೇಕು. 2020ರಲ್ಲಿ ಬೆಂಡರ್ ಮತ್ತು ಕೊಲ್ಲರ್ ಆಕ್ಟೋಪಸ್ ಕಥೆ ಹೇಳಿದರು. ಎರಡು ದ್ವೀಪದ ಇಬ್ಬರು ಸಮುದ್ರದಡಿಯ ತಂತಿಯಲ್ಲಿ ಮಾತಾಡುತ್ತಾರೆ. ಆಕ್ಟೋಪಸ್ ಕದ್ದು ಕೇಳಿ ಅವರ ಹಾಗೇ ಉತ್ತರ ಕೊಡಲು ಕಲಿಯುತ್ತದೆ. ಒಂದು ದಿನ ಒಬ್ಬಳ ಎದುರು ಕರಡಿ ಬಂತು. 'ಕೋಲು ಇದೆ, ಏನು ಮಾಡಲಿ?' ಕೋಲನ್ನೂ ಕರಡಿಯನ್ನೂ ಕಾಣದ ಆಕ್ಟೋಪಸ್ ಏನು ಹೇಳೀತು?

ನನ್ನ ಅಭಿಪ್ರಾಯ: 'ಅರ್ಥ' ಒಂದೇ ವಸ್ತು ಅಲ್ಲ. ಪದಕ್ಕೆ ಪದದ ನಂಟು ಗೊತ್ತಿರುವುದು ಅರ್ಥದ ಒಂದು ಪಾಲು. ಅದು ಯಂತ್ರಕ್ಕೆ ಇದೆ, ಕೆಲವು ಕಡೆ ನನಗಿಂತ ಜಾಸ್ತಿ ಇದೆ. ಪದಕ್ಕೂ ಹಸುವಿಗೂ ಇರುವ ನಂಟು ಇನ್ನೊಂದು ಪಾಲು. ಅದು ಅರೆಬರೆ. ಹೇಳಿದ ಮಾತಿಗೆ ತಾನು ಹೊಣೆ ಎಂಬುದು ಮೂರನೇ ಪಾಲು, ಅದು ನನಗೆ ಎಲ್ಲೂ ಕಂಡಿಲ್ಲ. ಒಂದೇ ಪದದ ಉತ್ತರ ಬೇಕು ಅಂದರೆ ಕ್ಷಮಿಸಿ.

ಸುಳ್ಳನ್ನು ಅಷ್ಟು ಧೈರ್ಯವಾಗಿ ಹೇಳುತ್ತದಲ್ಲ, ಯಾಕೆ?

ಅದಕ್ಕೆ ಕಲಿಸಿದ್ದು 'ಮುಂದೆ ಏನು ಬರಬಹುದು' ಎಂದು, 'ಏನು ನಿಜ' ಎಂದಲ್ಲ. ಆಮೇಲೆ ಜನರನ್ನು ಕೂರಿಸಿ ಒಳ್ಳೆಯ ಉತ್ತರ, ಕೆಟ್ಟ ಉತ್ತರ ಆರಿಸಿ ತಿದ್ದುತ್ತಾರೆ. ತಪ್ಪು ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಕನ್ನಡದಲ್ಲಿ ಯಾಕೆ ಜಾಸ್ತಿ ಎಡವುತ್ತದೆ?

ಓದಲು ಸಿಕ್ಕಿದ್ದು ಕಡಿಮೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಲೇಖನಗಳು 30 ಸಾವಿರ ದಾಟಿವೆ. ಇಂಗ್ಲಿಷಿನಲ್ಲಿ 65 ಲಕ್ಷಕ್ಕೂ ಜಾಸ್ತಿ. ಐಐಟಿ ಮದ್ರಾಸಿನ 'ಎಐ4ಭಾರತ್' ತಂಡ ಕನ್ನಡವೂ ಸೇರಿ ನಮ್ಮ ಭಾಷೆಗಳ ಬರಹ ಕೂಡಿಹಾಕಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೂ ಇದೇ ಕೆಲಸದಲ್ಲಿದೆ. ಆದರೂ ವೆಬ್‌ನಲ್ಲಿ ಸಿಗುವುದು ಹೆಚ್ಚಾಗಿ ಸುದ್ದಿಯ ಕನ್ನಡ. ಧಾರವಾಡದ, ಕುಂದಾಪುರದ, ಕಲಬುರಗಿಯ ಮಾತು ಬರಹಕ್ಕೆ ಇಳಿದದ್ದೇ ಕಡಿಮೆ. ಯಂತ್ರಕ್ಕೆ ಅದು ಕೇಳಿಸಿಲ್ಲ.

ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡಕ್ಕೆ ಸಾಲ ತರುವುದೂ ಎಡವಟ್ಟು. ಒಮ್ಮೆ ಊರಿಂದ ಬಂದ ಮೆಸೇಜನ್ನು ಗೆಳೆಯನಿಗೆ ತೋರಿಸಲು ಒಂದು ಅನುವಾದದ ಆ್ಯಪಿಗೆ ಹಾಕಿದೆ. 'ಈ ಸಲ ಮಳೆ ಕೈ ಕೊಟ್ಟಿತು.' ಮಳೆ ಸಹಾಯ ಮಾಡಿತು ಎಂದು ಇಂಗ್ಲಿಷ್ ಬಂತು. ಗೆಳೆಯ 'ಒಳ್ಳೇದಾಯ್ತು' ಅಂದ. ಹೊಲ ಒಣಗಿತ್ತು.

ನಾನು ಮಾತಾಡಿದ್ದನ್ನೆಲ್ಲ ಅದು ಆಗಲೇ ಕಲಿತುಬಿಡುತ್ತದಾ?

ಸಾಮಾನ್ಯವಾಗಿ ಇಲ್ಲ. ಆ ಮಾತುಕತೆ ಮುಗಿಯುವ ತನಕ ಕಣ್ಣ ಮುಂದೆ ಇಟ್ಟುಕೊಂಡಿರುತ್ತದೆ, ಒಳಗಿನ ಗುಂಡಿಗಳು ಅಲುಗುವುದಿಲ್ಲ. ಕೆಲವು ಸೇವೆಗಳು ಹಳೆಯದನ್ನು ಬರೆದಿಟ್ಟುಕೊಂಡು ಮುಂದಿನ ಸಲ ಓದಿಕೊಳ್ಳುತ್ತವೆ. ನಿಮ್ಮ ಮಾತನ್ನು ಮುಂದಿನ ಮಾದರಿಗೆ ಬಳಸಬಹುದೇ ಎಂಬುದು ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ನೋಡಿಕೊಳ್ಳಿ.

ನಾನೇ ಪರೀಕ್ಷೆ ಮಾಡಿ ನೋಡಬಹುದಾ?

ಖಂಡಿತ. 'ಹಸು ಎಂದರೇನು' ಎಂದು ಕೇಳಬೇಡಿ, ಅದಕ್ಕೆ ಪುಟಗಟ್ಟಲೆ ಬರುತ್ತದೆ. ಹಾಕಿ ತೆಗೆಯುವ ಆಟ ಆಡಿ. 'ಮಳೆ ಕೈ ಕೊಟ್ಟಿತು', 'ಕರೆಂಟು ಕೈ ಕೊಟ್ಟಿತು', 'ಅಕ್ಕ ತಂಗಿಗೆ ಕೈ ಕೊಟ್ಟು ಮೇಲೆತ್ತಿದಳು' ಈ ಮೂರನ್ನೂ ಕೊಟ್ಟು ಯಾರಿಗೆ ಒಳ್ಳೆಯದಾಯಿತು, ಯಾರಿಗೆ ನಷ್ಟವಾಯಿತು ಎಂದು ಕೇಳಿ. 'ಅಂಕಲ್' ಇರುವ ಇಂಗ್ಲಿಷ್ ವಾಕ್ಯ ಕೊಟ್ಟು ಕನ್ನಡ ಮಾಡಲು ಹೇಳಿ. ಸೋದರಮಾವನೋ, ಚಿಕ್ಕಪ್ಪನೋ ಎಂದು ವಾಪಸ್ ನಿಮ್ಮನ್ನೇ ಕೇಳಿದರೆ ಒಂದು ಮಾರ್ಕು ಜಾಸ್ತಿ ಕೊಡಿ. ನಿಮ್ಮೂರಿನಲ್ಲಿ ಮಾತ್ರ ಬಳಸುವ ಒಂದು ಪದ ಹಾಕಿ, ಅರ್ಥ ಹೇಳದೆ ಮೂರು ವಾಕ್ಯದಲ್ಲಿ ಬಳಸಿ, ನಾಲ್ಕನೆಯದನ್ನು ಅದಕ್ಕೇ ಬರೆಯಲು ಬಿಡಿ. ನಾನು ನಮ್ಮ ಅಜ್ಜಿಯ ಒಂದು ಪದ ಇಟ್ಟು ನೋಡಿದೆ. ಮೂರನೇ ವಾಕ್ಯಕ್ಕೆ ಹಿಡಿದುಕೊಂಡಿತು. ನಾಲ್ಕನೆಯದರಲ್ಲಿ ಅದನ್ನು ಅಜ್ಜಿ ಯಾವತ್ತೂ ಬಳಸದ ಜಾಗದಲ್ಲಿ, ದೇವರ ಎದುರು, ಬಳಸಿತು.